‘ಚೀಪ್’ ಪದದ ಅರ್ಥಗಳನ್ನು ನಾನು ವಿಂಗಡಿಸಿದ ಬಗೆ

ಅನುವಾದಕರ ಕೈಪಿಡಿಗಾಗಿ ಇಂಗ್ಲಿಷಿನ ‘ಚೀಪ್’ (cheap) ಪದದ ಅರ್ಥಗಳನ್ನು ಅದು ಯಾವ ನಾಮಪದಕ್ಕೆ ಅಂಟಿಕೊಂಡಿದೆ ಎಂಬುದರ ಮೇಲೆ ವಿಂಗಡಿಸುತ್ತೇನೆಂದಾಗ ಹಿರಿಯ ಸಂಪಾದಕರು ಒಪ್ಪಲಿಲ್ಲ. ಹೆಚ್ಚು ಬಳಕೆಯ ಅರ್ಥ ಮೊದಲು, ಉಳಿದವು ಅನಂತರ ಎಂಬ ವಾಡಿಕೆಯೇ ಸಾಕೆಂದರು. ಇಂದು ಅವರ ತಂಡವೇ ನನ್ನ ಕ್ರಮವನ್ನು ಅನುಸರಿಸುತ್ತಿದೆ.

ವಾಡಿಕೆಯ ಪಟ್ಟಿಯಲ್ಲಿ ‘ಅಗ್ಗದ’ ಎಂಬುದು ಮೊದಲಿದ್ದುದರಿಂದ ಅನುವಾದಕರು ಅಲ್ಲಿಗೇ ನಿಲ್ಲುತ್ತಿದ್ದರು. ಅನ್ಯಾಯದ ಟೀಕೆಯೆಂಬ ಅರ್ಥದ ‘ಚೀಪ್ ಶಾಟ್’ ಅಗ್ಗದ ಏಟಾಯಿತು. ಅಮೆರಿಕದ ಬಳಕೆಯಲ್ಲಿ ಜಿಪುಣನನ್ನು ಕುರಿತು ಹೇಳುವ ‘ಹೀ ಈಸ್ ಚೀಪ್’ ಎಂಬುದು ‘ಅವನು ಅಗ್ಗದವನು’ ಎಂದಾಯಿತು. ಬಡ್ಡಿದರ ಇಳಿದಾಗ ಸುಲಭವಾಗಿ ಸಿಗುವ ಸಾಲವನ್ನು ಸೂಚಿಸುವ ‘ಚೀಪ್ ಮನಿ’ ಅರ್ಥವಿಲ್ಲದ ‘ಅಗ್ಗದ ಹಣ’ವಾಯಿತು. ಪುಟದ ಲೆಕ್ಕದಲ್ಲಿ ಸಂಭಾವನೆ ಪಡೆಯುವವರಿಗೆ ಮರುತಿದ್ದುಪಡಿಯ ಕೂಲಿ ಯಾರೂ ಕೊಡುವುದಿಲ್ಲವಾದ್ದರಿಂದ, ನನ್ನ ಅಂದಾಜಿನಲ್ಲಿ ಗಳಿಕೆಯ ಕಾಲುಭಾಗದಷ್ಟು ಇದರಲ್ಲೇ ಸೋರಿಹೋಗುತ್ತಿತ್ತು.

ನಡುವೆ ಪದದ ಚರಿತ್ರೆಯ ಕ್ರಮವನ್ನೂ ಪ್ರಯೋಗಿಸಿದೆ. ಹಳೆಯ ಇಂಗ್ಲಿಷಿನಲ್ಲಿ ಇದು ವ್ಯಾಪಾರವನ್ನು ಸೂಚಿಸುವ ನಾಮಪದ. ಲಂಡನ್ನಿನ ಚೀಪ್‌ಸೈಡ್ ಬೀದಿಯ ಹೆಸರಿನಲ್ಲಿ ಆ ಅರ್ಥ ಉಳಿದಿದೆ. ಒಳ್ಳೆಯ ವ್ಯಾಪಾರವೆಂಬರ್ಥದ ‘ಗುಡ್ ಚೀಪ್’ ಎಂಬ ನುಡಿಗಟ್ಟು ಸವೆದು 16ನೆಯ ಶತಮಾನದ ಹೊತ್ತಿಗೆ ಇಂದಿನ ವಿಶೇಷಣವಾಯಿತು. ಓದಲು ಸೊಗಸಾಗಿದ್ದ ಈ ಕ್ರಮ ಗಡುವಿನೊಳಗೆ ಅನುವಾದ ಮುಗಿಸಬೇಕಾದವರಿಗೆ ನೆರವಾಗಲಿಲ್ಲ.

ಕೊನೆಗೆ ಫಲ ಕೊಟ್ಟದ್ದು ನಾಮಪದವೇ. ಕೊಳ್ಳುವ ವಸ್ತುವಾದರೆ ಮೊದಲು ಬೆಲೆ ಕಡಿಮೆಯೆಂದಷ್ಟೇ ಹೇಳುವ ‘ಇನೆಕ್ಸ್‌ಪೆನ್ಸಿವ್’ ಪದವನ್ನು ಅಲ್ಲಿ ಕೂರಿಸಿ ನೋಡಬೇಕು: ಅರ್ಥ ಕೆಡದಿದ್ದರೆ ‘ಅಗ್ಗದ’ ಅಥವಾ ‘ಕಡಿಮೆ ಬೆಲೆಯ’, ಕೆಟ್ಟರೆ ‘ಕಳಪೆ’. ಮಾರುವ ಸ್ಥಳವಾದರೆ ಅಗ್ಗವಾಗಿರುವುದು ಅಂಗಡಿಯಲ್ಲ, ಅಲ್ಲಿನ ಸರಕು. ದುಡಿಮೆಯಾದರೆ ಕೂಲಿಯನ್ನು ಹೆಸರಿಸಬೇಕು. ನಡತೆಯಾದರೆ ‘ಕೀಳು’. ‘ಟಾಕ್ ಈಸ್ ಚೀಪ್’, ‘ಲೈಫ್ ಈಸ್ ಚೀಪ್’ ಇಂಥವುಗಳಲ್ಲಿ ವಿಶೇಷಣವನ್ನೇ ಬಿಟ್ಟು, ಹೇಳುವುದು ಸುಲಭವೆಂದೂ ಜೀವಕ್ಕೆ ಬೆಲೆಯಿಲ್ಲವೆಂದೂ ಬರೆದರೆ ಕನ್ನಡ ತಾನಾಗಿ ಕೂಡಿಬರುತ್ತದೆ. ಈ ಭಾಗವನ್ನು ನನಗಿಂತ ಚೆನ್ನಾಗಿ ಬಿಡಿಸಿಟ್ಟವರನ್ನು ನಾನು ಕಂಡಿಲ್ಲ.

‘ಅಗ್ಗದ ಪ್ರಚಾರ’, ‘ಅಗ್ಗದ ಜನಪ್ರಿಯತೆ’ ಮಾತ್ರ ಪತ್ರಿಕೆಗಳಲ್ಲಿ ಬೇರೂರಿರುವುದರಿಂದ ಅವುಗಳನ್ನು ಮುಟ್ಟಬಾರದು. ಒಂದೇ ವಾಕ್ಯದಲ್ಲಿ ಬೆಲೆಯೂ ನಿಂದೆಯೂ ಬೆರೆತಿದ್ದಾಗ ನಾನು ಮಾಡುವ ಇನ್ನೊಂದು ಪರೀಕ್ಷೆಯಿದೆ. ಅದು ಮುಂದಿನ ಕೈಪಿಡಿಗೆ ಮೀಸಲು.