ಸೆಕೆಂಡ್ ಹ್ಯಾಂಡ್ ಬೆಂಜ್, ಬಿಎಂಡಬ್ಲ್ಯು ಕೊಳ್ಳುವಿರಾ? ಮೊದಲು ಕಾರ್ಪೆಟ್ ಎತ್ತಿ ನೋಡಿ

ಅಡಿಕೆಗೆ ಒಳ್ಳೆಯ ರೇಟು ಬಂದ ವರ್ಷ ಶಿರಸಿ, ಸಿದ್ದಾಪುರ ಕಡೆಯ ಅಂಗಳಗಳಿಗೆ ಹಳೆಯ ಬೆಂಜ್, ಬಿಎಂಡಬ್ಲ್ಯು, ಆಡಿ ಬರುತ್ತವೆ. ಕುಮಟಾ, ಕಾರವಾರದಲ್ಲೂ ಹಾಗೆಯೇ. ಹೊಸದರಲ್ಲಿ 60 ಲಕ್ಷ ಇದ್ದ ಕಾರು ಎಂಟೊಂಬತ್ತು ವರ್ಷವಾದ ಮೇಲೆ 15 ಲಕ್ಷದ ಆಸುಪಾಸಿಗೆ ಇಳಿದಿರುತ್ತದೆ. ಆಸೆ ಹುಟ್ಟುವುದು ಸಹಜ, ಅದರಲ್ಲಿ ತಪ್ಪೇನೂ ಇಲ್ಲ.

ನನ್ನ ಸಿದ್ದಾಪುರದ ಭಾವ ಕೂಡ ಹಾಗೇ ಒಂದು ಕಾರು ತಂದರು. ರಾತ್ರಿ ಏಳು ಗಂಟೆಗೆ ನೋಡಿ, ಹದಿನೈದು ನಿಮಿಷ ಓಡಿಸಿ, ಅಲ್ಲೇ ಅಡ್ವಾನ್ಸ್ ಕೊಟ್ಟಿದ್ದರು. ಮನೆಗೆ ಬಂದ ದಿನ ‘ಭಾವ, ನೋಡು ಹ್ಯಾಂಗಿದ್ದು!’ ಅಂತ ಕರೆದು ತೋರಿಸಿದರು. ಜುಲೈ ಮಳೆಯ ಒಂದು ಬೆಳಿಗ್ಗೆ ಬಾಗಿಲೇ ತೆಗೆಯಲಿಲ್ಲ. ಕೀಲಿ ತಿರುವಿ ಹೇಗೋ ಒಳಗೆ ಕೂತರೆ ಮೀಟರಿನಲ್ಲಿ ಎಲ್ಲ ದೀಪಗಳೂ ಉರಿಯುತ್ತಿದ್ದವು. ಕಾಲ ಕೆಳಗಿನ ಕಾರ್ಪೆಟ್ ಎತ್ತಿದೆ. ಸ್ಪಂಜು ನೀರು ಕುಡಿದು ಉಬ್ಬಿತ್ತು, ವೈರಿನ ಕನೆಕ್ಟರುಗಳಲ್ಲಿ ಹಸಿರು ಕಿಲುಬು ಕಟ್ಟಿತ್ತು. ಸೀಟಿನ ಬೋಲ್ಟಿಗೆ ಹಿಡಿದ ತುಕ್ಕು ಆ ವರ್ಷದ್ದಲ್ಲ. ಆ ಕಾರು ನಮ್ಮ ಮನೆಗೆ ಬರುವ ಮೊದಲೇ ಒಮ್ಮೆ ನೆನೆದಿತ್ತು. ಕಾರ್ಪೆಟ್ ಎತ್ತಲು ಎರಡು ನಿಮಿಷ ಸಾಕಿತ್ತು. ಆಮೇಲೂ ಇದೇ ತಪ್ಪನ್ನು ನಾಲ್ಕೈದು ಜನ ಮಾಡಿದ್ದು ನೋಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

1. ದುಡ್ಡಿನ ಲೆಕ್ಕ

ಕಾರಿನ ಬೆಲೆ ಇಳಿಯುತ್ತದೆ, ಪಾರ್ಟ್ಸ್ ಬೆಲೆ ಇಳಿಯುವುದಿಲ್ಲ. 15 ಲಕ್ಷಕ್ಕೆ ಕೊಂಡರೂ ರಿಪೇರಿಯ ಬಿಲ್ಲು ಬರುವುದು 60 ಲಕ್ಷದ ಕಾರಿನದೇ. ಒಂದು ಎಲ್‌ಇಡಿ ಹೆಡ್‌ಲೈಟ್ ಒಡೆದರೆ ಲಕ್ಷ ದಾಟುವುದು ಸಾಮಾನ್ಯ. ಹಾಗಾಗಿ ಕೈಯಲ್ಲಿರುವ ದುಡ್ಡಿನ ಐದನೇ ಒಂದು ಭಾಗವನ್ನು ಬ್ಯಾಂಕಿನಲ್ಲಿ ಬೇರೆಯೇ ಇಡಿ. ಕೈಯಲ್ಲಿ 15 ಲಕ್ಷ ಇದ್ದರೆ 12 ಲಕ್ಷದ ಕಾರು ನೋಡಿ. ಈ ವಿಷಯದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ಸಾಲ ಮಾಡಿ ಕೊಳ್ಳುವವರಿಗಂತೂ ಬೇಡ ಎಂದೇ ಹೇಳುತ್ತೇನೆ.

ಇನ್ನೊಂದು ಲೆಕ್ಕ ದೂರದ್ದು. ಕಂಪನಿ ಸರ್ವಿಸ್ ಬೇಕೆಂದರೆ ನಾವು ಜಿಲ್ಲೆಯ ಹೊರಗೆ, ಗೋವಾ, ಮಂಗಳೂರಿನಂಥ ಕಡೆಗೆ ಹೋಗಬೇಕು. ಆಟೊಮ್ಯಾಟಿಕ್ ಗೇರಿನ, ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಕಾರು ಕೆಟ್ಟು ನಿಂತರೆ ಎರಡು ಚಕ್ರ ಎತ್ತಿ ಎಳೆಯುವಂತಿಲ್ಲ, ಗೇರ್‌ಬಾಕ್ಸ್ ಹಾಳಾಗುತ್ತದೆ. ಇಡೀ ಕಾರನ್ನು ಮೇಲೆ ಹೊತ್ತೊಯ್ಯುವ ಫ್ಲಾಟ್‌ಬೆಡ್ ಲಾರಿಯೇ ಬೇಕು. ನಿಮ್ಮೂರಿಗೆ ಅದನ್ನು ಯಾರು ತರುತ್ತಾರೆ, ಎಷ್ಟು ಕೇಳುತ್ತಾರೆ ಎಂದು ಈಗಲೇ ಫೋನ್ ಮಾಡಿ ಕೇಳಿಕೊಳ್ಳಿ.

2. ಕಾಗದ, ಮತ್ತು ಕಾರು ಎಲ್ಲಿ ಬಾಳಿತು

ಎಂ–ಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿ ಎಷ್ಟನೇ ಮಾಲೀಕರು, ಸಾಲ ಬಾಕಿ ಇದೆಯೇ, ಇನ್ಶೂರೆನ್ಸ್ ಚಾಲ್ತಿಯಲ್ಲಿದೆಯೇ ನೋಡಿ. ಚಾಸಿ ನಂಬರ್ ಆರ್‌ಸಿಯಲ್ಲಿ ಇದ್ದಂತೆಯೇ ಕಾರಿನ ಮೇಲೂ ಇರಬೇಕು. ಕಂಪನಿ ಸರ್ವಿಸ್ ದಾಖಲೆಯನ್ನು ಮಾಲೀಕರಿಂದಲೇ ತರಿಸಿಕೊಳ್ಳಿ. ದಾಖಲೆ ಇಲ್ಲ ಎಂದರೆ ಆ ಕಾರು ಬೇಡ.

ಗೋವಾ ನಂಬರಿನ ಕಾರು ಕಾರವಾರದವರಿಗೆ ಅಗ್ಗವಾಗಿ ಕಾಣುತ್ತದೆ. ಆದರೆ ಕರ್ನಾಟಕದಲ್ಲಿ 20 ಲಕ್ಷ ಮೀರಿದ ಹೊಸ ಕಾರಿನ ಲೈಫ್ ಟ್ಯಾಕ್ಸ್ ಶೇ 18. ಹೊರಗಿನ ಹಳೆಯ ಕಾರಿಗೆ ವಯಸ್ಸು ನೋಡಿ ಕಡಿಮೆ ಮಾಡುತ್ತಾರೆ ನಿಜ, ಆದರೆ ಲೆಕ್ಕ ಹಿಡಿಯುವುದು ನೀವು ಕೊಟ್ಟ ದುಡ್ಡಿನ ಮೇಲಲ್ಲ, ಕಾರಿನ ಮೂಲ ಬೆಲೆಯ ಮೇಲೆ. ಆರ್‌ಟಿಒದಲ್ಲಿ ಮೊತ್ತ ಕೇಳಿಕೊಂಡೇ ಚೌಕಾಸಿಗೆ ಕೂರಿ. ದೆಹಲಿಯಿಂದ ಬರುವ ಡೀಸೆಲ್ ಕಾರುಗಳೂ ಅಗ್ಗ. ಅಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ಗಾಡಿ ಓಡಿಸುವಂತಿಲ್ಲ ಎಂಬ ಆದೇಶ ಇದ್ದುದರಿಂದ ಮಾಲೀಕರು ಬೇಗ ಕೈ ಬಿಡುತ್ತಿದ್ದರು. ಅದರಿಂದಲೇ ಕಾರು ಕೆಟ್ಟದ್ದು ಎಂದಾಗುವುದಿಲ್ಲ. ಟ್ಯಾಕ್ಸ್ ಮತ್ತು ಎನ್‌ಒಸಿ ಖರ್ಚು ಸೇರಿಸಿ ನೋಡಿ, ಅಷ್ಟೆ.

ನಮ್ಮ ಜಿಲ್ಲೆಯದೇ ಕಾರಾದರೆ ಎಲ್ಲಿ ನಿಲ್ಲಿಸುತ್ತಿದ್ದರು ಎಂದು ಕೇಳಿ. ಕೆಎ 30 ಕಾರವಾರ, ಕೆಎ 47 ಹೊನ್ನಾವರ. ಇವು ಉಪ್ಪುಗಾಳಿ ಕುಡಿದಿರುವ ಸಾಧ್ಯತೆ ಜಾಸ್ತಿ. ಕೆಎ 31 ಶಿರಸಿ. ಘಟ್ಟದ ಮೇಲಿನ ಕಾರಿಗೆ ತುಕ್ಕು ಕಡಿಮೆ, ಆದರೆ ಮರದಡಿ ನಿಂತು ಎಲೆಕಸ ತುಂಬಿಕೊಂಡಿರುತ್ತದೆ, ಇಲಿ ವೈರು ಕಡಿದಿರುತ್ತದೆ. ನಾನಾದರೆ ಶಿರಸಿಯ ಕಾರನ್ನೇ ಆರಿಸುತ್ತೇನೆ.

3. ಬೆಳಿಗ್ಗೆ ಹೋಗಿ, ಎಂಜಿನ್ ತಣ್ಣಗಿರಲಿ

‘ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ’ ಎಂದು ಹಿಂದಿನ ದಿನವೇ ಹೇಳಿಡಿ. ಹೋದ ತಕ್ಷಣ ಬಾನೆಟ್ ಮುಟ್ಟಿ ನೋಡಿ. ಬಿಸಿ ಇದ್ದರೆ ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದೇ ತಿಳಿಯಿರಿ. ಇನ್ನೊಂದು ದಿನ ಬರುತ್ತೇವೆ ಎಂದು ಎದ್ದುಬನ್ನಿ.

ತಣ್ಣಗಿನ ಎಂಜಿನ್ ಸ್ಟಾರ್ಟ್ ಆಗುವ ಮೊದಲ ಐದು ಸೆಕೆಂಡು ಬಹಳ ಮುಖ್ಯ. 2007ರಿಂದ 2014ರ ಆಸುಪಾಸಿನವರೆಗೆ ಬಂದ ಬಿಎಂಡಬ್ಲ್ಯು 2 ಲೀಟರ್ ಡೀಸೆಲ್‌ಗಳಲ್ಲಿ ಎನ್47 ಎಂಬ ಎಂಜಿನ್ ಇದೆ. ಅದರ ಟೈಮಿಂಗ್ ಚೈನ್ (ಎಂಜಿನ್ನಿನ ವಾಲ್ವುಗಳನ್ನು ತಾಳಕ್ಕೆ ಸರಿಯಾಗಿ ಓಡಿಸುವ ಸರಪಳಿ) ಸವೆಯುತ್ತದೆ, ಸರಪಳಿ ಉಜ್ಜಿದಂತೆ ಸದ್ದು ಬರುತ್ತದೆ. ಚೈನ್ ಇರುವುದು ಎಂಜಿನ್ನಿನ ಹಿಂಬದಿ, ಗೇರ್‌ಬಾಕ್ಸ್ ಕಡೆ. ಹಾಗಾಗಿ ಬದಲಿಸಲು ಇಡೀ ಎಂಜಿನ್ನೋ ಗೇರ್‌ಬಾಕ್ಸೋ ಕೆಳಗಿಳಿಯಬೇಕು. ತುಂಡಾದರೆ ಎಂಜಿನ್ನೇ ಹೋಯಿತು. 2010ರ ಆಚೀಚಿನ ಆಡಿ 2 ಲೀಟರ್ ಪೆಟ್ರೋಲ್‌ಗಳಿಗೆ ಆಯಿಲ್ ಕುಡಿಯುವ ಚಾಳಿ. ಹಿಂದೆ ಒಬ್ಬರನ್ನು ನಿಲ್ಲಿಸಿ ನೀಲಿ ಹೊಗೆ ಬರುತ್ತದೆಯೇ ನೋಡಲು ಹೇಳಿ.

ಏರ್ ಸಸ್ಪೆನ್ಶನ್ ಇರುವ, ಅಂದರೆ ಸ್ಪ್ರಿಂಗಿನ ಬದಲು ಗಾಳಿಚೀಲದ ಮೇಲೆ ನಿಲ್ಲುವ ಕಾರು ರಾತ್ರಿಯಿಡೀ ನಿಂತ ಮೇಲೆ ಒಂದು ಮೂಲೆ ಕೆಳಗೆ ಕೂತಿದ್ದರೆ ಅಲ್ಲಿ ಗಾಳಿ ಸೋರುತ್ತಿದೆ. ಚಕ್ರ ಮತ್ತು ಮಡ್‌ಗಾರ್ಡಿನ ನಡುವೆ ಬೆರಳಿಟ್ಟು ಎಡಬಲ ಅಳೆಯಿರಿ. ಇದೂ ಸ್ಟಾರ್ಟ್ ಮಾಡುವ ಮೊದಲೇ ಆಗಬೇಕು. ಸ್ಟಾರ್ಟ್ ಆದ ಕೂಡಲೇ ಕಂಪ್ರೆಸರ್ ಅದನ್ನು ಎತ್ತಿ ನಿಲ್ಲಿಸಿಬಿಡುತ್ತದೆ.

4. ನೀರು ಮತ್ತು ತುಕ್ಕು

ಇಲ್ಲಿ ಕನಿಷ್ಠ ಒಂದು ಗಂಟೆ ಕೊಡಿ. ಟಾರ್ಚ್, ಸಣ್ಣ ಅಯಸ್ಕಾಂತ, ಹಳೆಯ ಟವೆಲ್, ಒಂದು ಬಾಟಲಿ ನೀರು ಜೊತೆಗಿರಲಿ.

2015ರ ಚೆನ್ನೈ ನೆರೆ, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬಡಾವಣೆಗಳಲ್ಲಿ ನಿಂತ ನೀರು, ಇವುಗಳಲ್ಲಿ ದುಬಾರಿ ಕಾರುಗಳು ಮುಳುಗಿದ್ದನ್ನು ಎಲ್ಲರೂ ಟಿವಿಯಲ್ಲಿ ನೋಡಿದ್ದೇವೆ. ಹೀಗೆ ಮುಳುಗಿದ ಕಾರುಗಳನ್ನು ಇನ್ಶೂರೆನ್ಸ್‌ನವರು ಹರಾಜು ಹಾಕುತ್ತಾರೆ. ತೊಳೆದು ಒಣಗಿಸಿದ ಮೇಲೆ ಅವು ಮತ್ತೆ ಮಾರುಕಟ್ಟೆಗೆ ಬರುತ್ತವೆ. ಜರ್ಮನ್ ಕಾರುಗಳ ಕಂಟ್ರೋಲ್ ಯೂನಿಟ್ಟುಗಳು, ಅಂದರೆ ಸಣ್ಣ ಕಂಪ್ಯೂಟರುಗಳು, ಎಷ್ಟೋ ಮಾಡೆಲ್‌ಗಳಲ್ಲಿ ಕಾಲ ಕೆಳಗೆ, ಸೀಟಿನಡಿ, ಡಿಕ್ಕಿಯ ಪಕ್ಕದಲ್ಲಿ ಇರುತ್ತವೆ. ಬ್ಯಾಟರಿ ಕೂಡ ಹಲವು ಕಾರುಗಳಲ್ಲಿ ಡಿಕ್ಕಿಯೊಳಗೇ. ಅಂದರೆ ನೀರು ಮೊದಲು ಮುಟ್ಟುವ ಜಾಗದಲ್ಲೇ ದುಬಾರಿ ಸಾಮಾನು ಕೂತಿದೆ.

ಮೊದಲು ಬಾಗಿಲು ತೆಗೆದು ಮೂಸಿ. ಏರ್ ಫ್ರೆಶ್ನರ್ ವಾಸನೆ ಜೋರಾಗಿದ್ದರೆ ಅದನ್ನು ಹೊರಗಿಟ್ಟು, ಕಿಟಕಿ ಮುಚ್ಚಿ, ಬಿಸಿಲಲ್ಲಿ ಹತ್ತು ನಿಮಿಷ ಬಿಟ್ಟು ಮತ್ತೆ ಮೂಸಿ. ಒದ್ದೆ ಗೋಣಿಚೀಲದ ವಾಸನೆ ಬಂದರೆ ಅದೇ ಉತ್ತರ. ಆಮೇಲೆ ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ. ತುದಿಯಲ್ಲಿ ಕೆಸರಿನ ಗೆರೆ ಇದೆಯೇ? ಬೆಲ್ಟ್ ಬದಲಿಸಿರಲೂಬಹುದು. ಅದಕ್ಕೇ ಸೀಟಿನ ಹಳಿ, ಅದರ ಬೋಲ್ಟು, ಡ್ಯಾಶ್‌ಬೋರ್ಡ್ ಕೆಳಗಿನ ಕಬ್ಬಿಣದ ಪಟ್ಟಿಗಳಿಗೆ ಟಾರ್ಚ್ ಬಿಡಿ. ಅಷ್ಟು ಒಳಗೆ ಯಾರೂ ಪಾಲಿಶ್ ಹಾಕುವುದಿಲ್ಲ. ಕಾಲ ಕೆಳಗಿನ ಕಾರ್ಪೆಟ್ಟಿನ ಅಂಚು ಎತ್ತಿ ಅಡಿಯ ಸ್ಪಂಜಿಗೆ ಟವೆಲ್ ಒತ್ತಿ. ನಾಲ್ಕೂ ಕಡೆ ಒತ್ತಬೇಕು. ಡಿಕ್ಕಿಯ ತಳದ ಹಲಗೆಯನ್ನೂ ಎತ್ತಿ ನೋಡಿ.

ಇನ್ನು ಸನ್‌ರೂಫ್. ನಮ್ಮ ಮಳೆಗೆ ಇದರಷ್ಟು ತೊಂದರೆ ಕೊಡುವ ಭಾಗ ಇನ್ನೊಂದಿಲ್ಲ. ಸನ್‌ರೂಫಿನ ಸುತ್ತ ನೀರು ಹಿಡಿಯುವ ಒಂದು ಸಣ್ಣ ಕಾಲುವೆ ಇರುತ್ತದೆ. ಮೂಲೆಗಳಿಂದ ತೆಳುವಾದ ಪೈಪುಗಳು ಗಾಜಿನ ಪಕ್ಕದ ಕಂಬದೊಳಗೆ ಇಳಿದು ಚಕ್ರಗಳ ಬಳಿ ನೀರು ಬಿಡುತ್ತವೆ. ಹಲಸಿನ ಎಲೆ, ಹೂವಿನ ಪುಡಿ, ಧೂಳು ಸೇರಿ ಪೈಪು ಕಟ್ಟಿದರೆ ಆ ನೀರೆಲ್ಲ ಒಳಗೇ ಇಳಿಯುತ್ತದೆ. ಸನ್‌ರೂಫ್ ತೆರೆದು ಮುಂದಿನ ಒಂದು ಮೂಲೆಗೆ ನಿಧಾನವಾಗಿ ಅರ್ಧ ಲೋಟ ನೀರು ಬಿಡಿ. ಕೆಲವೇ ಸೆಕೆಂಡಿನಲ್ಲಿ ಕಾರಿನಡಿ ಮುಂದಿನ ಚಕ್ರದ ಹತ್ತಿರ ಹನಿಯಬೇಕು. ಆಮೇಲೆ ಇನ್ನೊಂದು ಮೂಲೆ. ನೀರು ಅಲ್ಲೇ ನಿಂತರೆ ಪೈಪು ಕಟ್ಟಿದೆ. ಗಾಜಿನ ಬುಡದಲ್ಲಿ, ವೈಪರಿನ ಕೆಳಗೆ ಕೂಡ ನೀರು ಹೋಗುವ ತೂತುಗಳಿವೆ. ಅಲ್ಲಿ ಎಲೆ ಕೊಳೆತು ಗೊಬ್ಬರವಾಗಿದ್ದರೆ ಕಾರಿನೊಳಗೆ ಏನಾಗಿರಬಹುದು ಯೋಚಿಸಿ.

ಪೈಪು ಬಿಡಿಸಲು ಗ್ಯಾರೇಜಿನವರು ಕಂಪ್ರೆಸರ್ ಗಾಳಿ ಹೊಡೆಯುತ್ತಾರೆ. ದಯವಿಟ್ಟು ಹಾಗೆ ಹೊಡೆಯಲು ಬಿಡಬೇಡಿ. ಪೈಪು ಒಳಗೇ ಕಳಚಿಕೊಂಡರೆ ಚಾವಣಿಯ ಒಳಬಟ್ಟೆಯನ್ನೆಲ್ಲ ಬಿಚ್ಚಬೇಕು. ಮೀನು ಹಿಡಿಯುವ ಗಾಳದ ದಪ್ಪ ನೈಲಾನ್ ದಾರ ನಿಧಾನವಾಗಿ ತೂರಿಸಿದರೆ ಸಾಕು, ಕಸ ಬಿಡುತ್ತದೆ.

ಕೆಳಭಾಗದ ತುಕ್ಕು ನೋಡಲು ಕಾರು ಲಿಫ್ಟಿನ ಮೇಲೆ ಏರಲೇಬೇಕು. ನೆಲದ ಮೇಲೆ ಬಗ್ಗಿ ನೋಡಿದರೆ ಅರ್ಧವೂ ಕಾಣುವುದಿಲ್ಲ. ಬ್ರೇಕ್ ಪೈಪು, ಸಬ್‌ಫ್ರೇಮು, (ಎಂಜಿನ್, ಸಸ್ಪೆನ್ಶನ್ ಹೊರುವ ಚೌಕಟ್ಟು), ಬಾಗಿಲ ಕೆಳಗಿನ ಪಟ್ಟಿ, ಸೈಲೆನ್ಸರ್ ಜೋಡಣೆ, ಇಷ್ಟನ್ನು ಒಂದೊಂದಾಗಿ ನೋಡಿ. ಬ್ರೇಕ್ ಡಿಸ್ಕಿನ ಮೇಲಿನ ತೆಳು ಕೆಂಪು ಎರಡು ಬ್ರೇಕ್ ಹಾಕಿದರೆ ಹೋಗುತ್ತದೆ, ಅದಕ್ಕೆ ಹೆದರಬೇಡಿ. ಪದರಪದರವಾಗಿ ಏಳುವ ತುಕ್ಕು ಬೇರೆ. ಹಳೆಯ ಕಾರಿನ ಅಡಿಗೆ ಹೊಚ್ಚ ಹೊಸ ಕಪ್ಪು ಅಂಡರ್‌ಕೋಟಿಂಗ್ ಬಳಿದಿದ್ದರೆ ನನಗೆ ಅನುಮಾನ. ತುಕ್ಕಿನ ಮೇಲೆ ಬಳಿದ ಕೋಟಿಂಗ್ ತೇವವನ್ನು ಒಳಗೇ ಹಿಡಿದಿಟ್ಟು ಕಬ್ಬಿಣವನ್ನು ಇನ್ನೂ ಬೇಗ ತಿನ್ನಿಸುತ್ತದೆ. ಮೇಲಿನ ಬಾಡಿಗೆ ಅಯಸ್ಕಾಂತ ಇಟ್ಟು ಪುಟ್ಟಿ ಪತ್ತೆ ಮಾಡಬಹುದು. ಆದರೆ ಈ ಕಾರುಗಳ ಬಾನೆಟ್ ಎಷ್ಟೋ ಸಲ ಅಲ್ಯೂಮಿನಿಯಂ, ಅಲ್ಲಿ ಅಯಸ್ಕಾಂತ ಹೇಗೂ ಹಿಡಿಯುವುದಿಲ್ಲ.

5. ಸ್ಕ್ಯಾನ್, ಘಟ್ಟ, ಮತ್ತೆ ಸ್ಕ್ಯಾನ್

ಆನ್‌ಲೈನಿನಲ್ಲಿ ಕಾರಿನ ಕಂಪ್ಯೂಟರು ಬರೆದಿಟ್ಟ ದೋಷಗಳನ್ನು ಓದುವ ಬ್ಲೂಟೂತ್ ಸ್ಕ್ಯಾನರ್ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಅದನ್ನು ನಂಬಿ ಇಂಥ ಕಾರು ಕೊಳ್ಳಬೇಡಿ. ಅದು ಎಂಜಿನ್ನಿನ ಸಾಮಾನ್ಯ ದೋಷದ ಕೋಡುಗಳನ್ನು ಓದುತ್ತದೆ, ಏರ್‌ಬ್ಯಾಗ್, ಗೇರ್‌ಬಾಕ್ಸ್, ಸಸ್ಪೆನ್ಶನ್ ಯೂನಿಟ್ಟುಗಳನ್ನು ಹೆಚ್ಚಾಗಿ ಮುಟ್ಟುವುದೇ ಇಲ್ಲ. ಎಲ್ಲ ಯೂನಿಟ್ಟುಗಳನ್ನೂ ಓದುವ ಸ್ಕ್ಯಾನರ್ ಇಟ್ಟುಕೊಂಡವರನ್ನು ದುಡ್ಡು ಕೊಟ್ಟು ಕರೆದುಕೊಂಡು ಹೋಗಿ.

ಮಾರುವವರು ಹಿಂದಿನ ದಿನ ಕೋಡುಗಳನ್ನು ಅಳಿಸಿರಬಹುದು. ಸ್ಕ್ಯಾನಿನಲ್ಲಿ ಎಲ್ಲ ಹಸಿರು ಬಂದರೆ ಖುಷಿಪಡಬೇಡಿ. ‘ರೆಡಿನೆಸ್’ ಎಂಬ ಪುಟ ತೆಗೆಸಿ. ಕಾರು ತನ್ನನ್ನು ತಾನೇ ಪರೀಕ್ಷೆ ಮಾಡಿಕೊಂಡ ಲೆಕ್ಕ ಅಲ್ಲಿರುತ್ತದೆ. ಕೋಡು ಅಳಿಸಿದ ಕೂಡಲೇ ಅದೂ ಅಳಿಯುತ್ತದೆ, ಮತ್ತೆ ಪೂರ್ತಿಯಾಗಲು ಸಾಕಷ್ಟು ದೂರ ಓಡಬೇಕು. ಅಲ್ಲಿ ‘ಅಪೂರ್ಣ’ ಎಂದು ನಾಲ್ಕೈದು ಕಡೆ ಕಂಡರೆ ಯಾರೋ ಈಚೆಗೆ ಅಳಿಸಿದ್ದಾರೆ, ಇಲ್ಲವೇ ಬ್ಯಾಟರಿ ಬಿಚ್ಚಿದ್ದಾರೆ. ಏಕೆ ಎಂದು ಕೇಳಿ. ಓಡಿದ ಕಿಲೊಮೀಟರ್ ಹಲವು ಯೂನಿಟ್ಟುಗಳಲ್ಲಿ ಬೇರೆಬೇರೆಯಾಗಿ ದಾಖಲಾಗುತ್ತದೆ. ಮೀಟರಿನಲ್ಲಿ 60 ಸಾವಿರ, ಗೇರ್‌ಬಾಕ್ಸಿನಲ್ಲಿ 1.4 ಲಕ್ಷ ಎಂದಿದ್ದರೆ ಮಾತು ಅಲ್ಲಿಗೇ ಮುಗಿಯಿತು.

ಈಗ ಕಾರು ಓಡಿಸಿ. ಹೆದ್ದಾರಿ 66ರ ನೇರ ರಸ್ತೆಯಲ್ಲಿ ಯಾವ ಕಾರೂ ಚೆನ್ನಾಗಿಯೇ ಓಡುತ್ತದೆ. ದೇವಿಮನೆ ಘಟ್ಟ ಹತ್ತಿಸಿ. ಕಾರವಾರ, ಅಂಕೋಲೆಯವರಿಗೆ ಅರಬೈಲು ಘಟ್ಟ ಇದೆ. ಎಸಿ ಹಾಕಿಕೊಂಡೇ ಹತ್ತಿಸಿ, ಮೇಲೆ ಹೋಗಿ ಎಂಜಿನ್ ಚಾಲೂ ಇಟ್ಟು ಹತ್ತು ನಿಮಿಷ ನಿಲ್ಲಿ. ಈ ಕಾರುಗಳ ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಡಬ್ಬಿ, ಥರ್ಮೋಸ್ಟಾಟ್ ಕವಚ ಪ್ಲಾಸ್ಟಿಕ್ಕಿನವು. ವಯಸ್ಸಾದಂತೆ ಬಿರಿಯುತ್ತವೆ. ಸಿಹಿಸಿಹಿ ವಾಸನೆ ಬಂದರೆ ಕೂಲೆಂಟ್ ಸೋರುತ್ತಿದೆ. ಸೋರಿಕೆ ನಿಲ್ಲಿಸಲು ರೇಡಿಯೇಟರಿಗೆ ಹಾಕುವ ಪುಡಿ, ದ್ರಾವಣಗಳನ್ನು ಯಾರು ಹೇಳಿದರೂ ಹಾಕಬೇಡಿ. ಅವು ಹೀಟರಿನ ಸಣ್ಣ ದಾರಿಗಳನ್ನೂ ಮುಚ್ಚುತ್ತವೆ. ಇಳಿಯುವಾಗ ಬ್ರೇಕ್ ಒತ್ತಿದರೆ ಸ್ಟೇರಿಂಗ್ ನಡುಗುತ್ತದೆಯೇ, ಗೇರ್ ಇಳಿಯುವಾಗ ಹಿಂದಿನಿಂದ ತಳ್ಳಿದಂತೆ ಆಗುತ್ತದೆಯೇ ನೋಡಿ.

ವಾಪಸ್ ಬಂದ ಕೂಡಲೇ ಮತ್ತೆ ಸ್ಕ್ಯಾನ್ ಮಾಡಿಸಿ. ಅಳಿಸಿದ ಕೋಡುಗಳಲ್ಲಿ ಎಷ್ಟೋ ಈ ಘಟ್ಟದ ಓಟಕ್ಕೇ ಮರಳಿ ಬರುತ್ತವೆ. ಎರಡೂ ಸ್ಕ್ಯಾನಿನ ಪ್ರಿಂಟ್ ಇಟ್ಟುಕೊಳ್ಳಿ. ಚೌಕಾಸಿಗೆ ಅದಕ್ಕಿಂತ ಒಳ್ಳೆಯ ಕಾಗದ ಇಲ್ಲ.

6. ಟೈರು

ಟೈರಿನ ಬದಿಯ ‘DOT’ ಸಾಲಿನ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ. 2319 ಎಂದರೆ 2019ರ 23ನೇ ವಾರ. ಬಿಎಂಡಬ್ಲ್ಯು ಹಲವು ಮಾಡೆಲ್‌ಗಳಲ್ಲಿ ಸ್ಟೆಪ್ನಿಯೇ ಇಲ್ಲ. ಗಾಳಿ ಹೋದರೂ 80 ಕಿ.ಮೀ. ವೇಗ ಮೀರದೆ ಸುಮಾರು 80 ಕಿ.ಮೀ. ಓಡುವ ರನ್‌ಫ್ಲಾಟ್ ಟೈರು ಇರುತ್ತದೆ. ಘಟ್ಟದ ಒಳಹಳ್ಳಿಯವರು ಪಂಕ್ಚರ್ ಕಿಟ್ಟು, ಗಾಳಿ ಪಂಪು ಡಿಕ್ಕಿಯಲ್ಲಿ ಇಟ್ಟುಕೊಳ್ಳಿ.

7. ಕೊಂಡ ಮೊದಲ ವಾರ

ಹೆಸರು ಬದಲಾವಣೆಯ 29, 30ನೇ ನಮೂನೆಗಳನ್ನು ದುಡ್ಡು ಕೊಡುವ ದಿನವೇ ಸಹಿ ಮಾಡಿಸಿಕೊಳ್ಳಿ, ಸಾಲ ಇದ್ದಿದ್ದರೆ 35ನೇ ನಮೂನೆ ಕೂಡ. ಇನ್ಶೂರೆನ್ಸಿನಲ್ಲಿ ಎಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ರಕ್ಷಣೆ ಸಿಗುತ್ತದೆಯೇ ಕೇಳಿ. ಸಾಮಾನ್ಯ ಪಾಲಿಸಿ ನೀರು ಹೊಕ್ಕು ಕೆಟ್ಟ ಎಂಜಿನ್ನಿಗೆ ದುಡ್ಡು ಕೊಡುವುದಿಲ್ಲ.

ಗೇರ್‌ಬಾಕ್ಸ್ ಆಯಿಲ್ ‘ಜೀವಮಾನಕ್ಕೆ ಸಾಕು’ ಎಂದು ಮಾರಾಟಗಾರರು ಹೇಳುತ್ತಾರೆ. ಬಿಎಂಡಬ್ಲ್ಯುಗೆ ಗೇರ್‌ಬಾಕ್ಸ್ ಮಾಡಿಕೊಡುವ ಝಡ್‌ಎಫ್ ಕಂಪನಿಯೇ 80 ಸಾವಿರದಿಂದ 1.2 ಲಕ್ಷ ಕಿ.ಮೀ. ಒಳಗೆ ಬದಲಿಸಲು ಹೇಳುತ್ತದೆ. ಬದಲಿಸಿದ ದಾಖಲೆ ಇಲ್ಲದಿದ್ದರೆ ಮೊದಲ ವಾರವೇ ಮಾಡಿಸಿ. ಎಂಜಿನ್ ಆಯಿಲ್, ಬ್ರೇಕ್ ಆಯಿಲ್, ಕೂಲೆಂಟ್ ಕೂಡ ಅದೇ ಸಲ. ಬಿಎಂಡಬ್ಲ್ಯುಗೆ ಹೊಸ ಬ್ಯಾಟರಿ ಹಾಕಿದರೆ ಸ್ಕ್ಯಾನರಿನಿಂದ ಕಾರಿಗೆ ಅದನ್ನು ತಿಳಿಸಬೇಕು, ಇಲ್ಲವಾದರೆ ಚಾರ್ಜಿಂಗ್ ಹಳೆಯ ಲೆಕ್ಕದಲ್ಲೇ ನಡೆದು ಬ್ಯಾಟರಿ ಬೇಗ ಸಾಯುತ್ತದೆ.

ಸಮುದ್ರದ ಹತ್ತಿರ ಇರುವವರು ವಾರಕ್ಕೊಮ್ಮೆ ಕಾರಿನ ಅಡಿಗೆ ಸಿಹಿನೀರು ಹೊಡೆಯಿರಿ. ಸನ್‌ರೂಫಿನ ಪೈಪುಗಳನ್ನು ಮೇ ತಿಂಗಳ ಕೊನೆಯೊಳಗೆ ಬಿಡಿಸಿಡಿ. ಭಾವನ ಕಾರಿಗೆ ಈಗ ಪ್ರತಿ ವರ್ಷ ಆ ಕೆಲಸ ನಾನೇ ಮಾಡುತ್ತೇನೆ, ಅದೇ ಗಾಳದ ದಾರದಲ್ಲಿ.