ಕೋವಿಗಿಂತ ಮೊದಲು ಚೀಲ: ಕೊಲೊರಾಡೊದಲ್ಲಿ ಜಿಂಕೆ ಬೇಟೆಗೆ ನಾನು ಸಾಮಾನು ಹೊಂದಿಸಿಕೊಂಡ ಬಗೆ

ಹೊಸದಾಗಿ ಬೇಟೆಗೆ ಇಳಿಯುವವರು ನನ್ನನ್ನು ಮೊದಲು ಕೇಳುವುದು ಕೋವಿಯ ಬಗ್ಗೆ. ಯಾವ ಕಂಪನಿ, ಯಾವ ತೋಟಾ, ಎಷ್ಟು ದೂರಕ್ಕೆ ಹೊಡೆಯುತ್ತದೆ. ನಾನು ತಿರುಗಿ ಕೇಳುವುದು ಒಂದೇ: ಜಿಂಕೆ ಬಿದ್ದ ಮೇಲೆ ಅದನ್ನು ಕಾರಿನ ತನಕ ಹೇಗೆ ತರುತ್ತೀರಿ? ಹೆಚ್ಚಿನವರ ಹತ್ತಿರ ಇದಕ್ಕೆ ಉತ್ತರ ಇರುವುದಿಲ್ಲ.

ಇಲ್ಲಿ, ಅಮೆರಿಕದ ಕೊಲೊರಾಡೊದಲ್ಲಿ, ಸಿಗುವ ಮ್ಯೂಲ್ ಡೀರ್ ಎಂಬ ಜಾತಿಯ ಜಿಂಕೆ ನಮ್ಮ ಚುಕ್ಕೆ ಜಿಂಕೆಗಿಂತ ದಪ್ಪ. ಚೆನ್ನಾಗಿ ಬೆಳೆದ ಗಂಡು ಸುಮಾರು 90 ಕಿಲೋ ತೂಗುತ್ತದೆ. ಮೂಳೆ ಬಿಡಿಸಿದರೂ 30 ಕಿಲೋ ಹತ್ತಿರ ಮಾಂಸ ಸಿಗುತ್ತದೆ. ರಸ್ತೆಯಿಂದ ಐದಾರು ಕಿಲೋಮೀಟರ್ ಒಳಗೆ, 10,000 ಅಡಿ ಎತ್ತರದಲ್ಲಿ ನಿಂತು ಆ ಭಾರ ನೋಡಿದಾಗ ಕೋವಿಯ ಬ್ರಾಂಡು ಯಾರಿಗೂ ನೆನಪಾಗುವುದಿಲ್ಲ. ಬಿಟ್ಟು ಬರುವ ಹಾಗೂ ಇಲ್ಲ. ನಾಲ್ಕೂ ಕಾಲಿನ ಮಾಂಸ, ಬೆನ್ನಿನ ಉದ್ದದ ಪಟ್ಟಿ, ಒಳಗಿನ ಮೆತ್ತನೆ ಪಟ್ಟಿ, ಇಷ್ಟನ್ನಾದರೂ ಹೊರಗೆ ತರಲೇಬೇಕು ಎಂದು ಇಲ್ಲಿನ ಕಾನೂನು ಹೇಳುತ್ತದೆ. ಹಾಗಾಗಿ ನಾನು ಸಾಮಾನನ್ನು ಹಿಂದಿನಿಂದ ಮುಂದಕ್ಕೆ ಆರಿಸುತ್ತೇನೆ. ಮೊದಲು ಮಾಂಸ ಹೊರುವ ಚೀಲ, ಆಮೇಲೆ ಚಾಕು, ಆಮೇಲೆ ಉಳಿದದ್ದು. ಕೋವಿ ಕೊನೆಗೆ.

ನಾನು ಕೊಡಗಿನವನು. ನಮ್ಮ ಮನೆಯಲ್ಲಿ ಕೋವಿ ಇತ್ತು, ಕೈಲ್ ಮುಹೂರ್ತದ ದಿನ ಅದಕ್ಕೆ ಹೂವಿಟ್ಟು ಪೂಜೆ ಆಗುತ್ತಿತ್ತು. ಆದರೆ 1972ರ ವನ್ಯಜೀವಿ ಕಾನೂನು ಬಂದ ಮೇಲೆ ನಮ್ಮಲ್ಲಿ ಬೇಟೆ ಅಪರಾಧ. ಅದು ಸರಿಯೂ ಹೌದು. ನಾನು ಬೇಟೆ ಕಲಿತದ್ದು ಡೆನ್ವರ್ ಹತ್ತಿರ ಮನೆ ಮಾಡಿದ ಮೇಲೆಯೇ. 1949ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರು ಇಲ್ಲಿ ಸಾಮಾನ್ಯವಾಗಿ ಹಂಟರ್ ಎಜುಕೇಶನ್ ಎಂಬ ಬೇಟೆ ತರಬೇತಿ ಪಾಸು ಮಾಡಿದರೆ ಮಾತ್ರ ಲೈಸೆನ್ಸು. ಜಿಂಕೆಗೆ ಏಪ್ರಿಲ್ ಶುರುವಿನಲ್ಲಿ ಅರ್ಜಿ ಹಾಕಬೇಕು, ಲಾಟರಿಯಲ್ಲಿ ಹೆಸರು ಬರಬೇಕು. ಎಚ್1ಬಿ ವೀಸಾದಲ್ಲಿ ಇರುವವರು ಇನ್ನೊಂದು ವಿಷಯ ಗಮನಿಸಿ. ಆ ವೀಸಾದವರು ಸಾಮಾನ್ಯವಾಗಿ ಕೋವಿ, ತೋಟಾ ಎರಡನ್ನೂ ಇಟ್ಟುಕೊಳ್ಳುವಂತಿಲ್ಲ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸು ಇದ್ದರೆ ಅದಕ್ಕೆ ವಿನಾಯಿತಿ ಇದೆ. ಗ್ರೀನ್ ಕಾರ್ಡಿನವರಿಗೆ ಈ ಅಡ್ಡಿ ಇಲ್ಲ. ವೀಸಾ ಜೊತೆ ಆಟ ಬೇಡ, ಕೋವಿ ಮುಟ್ಟುವ ಮೊದಲು ವಕೀಲರನ್ನು ಕೇಳಿ.

ಈಗ ಚೀಲ.

ಚಾರಣದ ಚೀಲವೇ ಸಾಲದಾ ಎಂದು ಎಲ್ಲರೂ ಕೇಳುತ್ತಾರೆ. ಸಾಲದು. ಅದು 15 ಕಿಲೋಗೆ ಚೆನ್ನಾಗಿ ಕೂರುತ್ತದೆ, 30 ಕಿಲೋ ಹಾಕಿದರೆ ಫ್ರೇಮು ಬಾಗಿ ಭಾರವೆಲ್ಲ ಭುಜಕ್ಕೆ ಇಳಿಯುತ್ತದೆ. ಬೇಟೆಯ ಚೀಲದಲ್ಲಿ ಫ್ರೇಮು ಬೇರೆ, ಚೀಲ ಬೇರೆ. ಎರಡರ ನಡುವಿನ ಪಟ್ಟಿಗಳನ್ನು ಸಡಿಲಿಸಿದರೆ ಜಾಗ ತೆರೆದುಕೊಳ್ಳುತ್ತದೆ. ಮಾಂಸವನ್ನು ಅಲ್ಲಿ, ಫ್ರೇಮಿಗೆ ಒತ್ತಿ ಕಟ್ಟುತ್ತೀರಿ. ಟೆಂಟು, ಮಲಗುವ ಚೀಲ ಎಲ್ಲ ಅದರ ಹೊರಗೆ. ಭಾರ ಬೆನ್ನಿಗೆ ಎಷ್ಟು ಹತ್ತಿರ ಇದ್ದರೆ ಅಷ್ಟು ಒಳ್ಳೆಯದು. ಒಂದು ಅಂಗೈಯಷ್ಟು ಹಿಂದಕ್ಕೆ ಸರಿದರೂ ನಿಮ್ಮನ್ನು ಹಿಂದಕ್ಕೆ ಎಳೆಯುತ್ತದೆ, ಅದಕ್ಕೆ ನೀವು ಮುಂದಕ್ಕೆ ಬಗ್ಗುತ್ತೀರಿ, ಇಳಿಜಾರಿನಲ್ಲಿ ಮಂಡಿ ಹೋಗುತ್ತದೆ.

ಈ ಬಗೆಯ ಚೀಲ ಮಾಡುವವರು ಇಲ್ಲಿ ಬೇಕಾದಷ್ಟು ಜನ ಇದ್ದಾರೆ. ಮೊಂಟಾನಾದ ಬೋಜ್‌ಮನ್ ಊರಿನಲ್ಲಿ ಶುರುವಾದ ಮಿಸ್ಟರಿ ರಾಂಚ್ ಮತ್ತು ಸ್ಟೋನ್ ಗ್ಲೇಸಿಯರ್, ಐಡಾಹೊದ ಎಕ್ಸೊ, ನಮ್ಮ ಕೊಲೊರಾಡೊದಲ್ಲೇ ಶುರುವಾದ ಕಿಫಾರು ಮತ್ತು ಸೀಕ್ ಔಟ್‌ಸೈಡ್. ಬೆಲೆ ಕೇಳಿದರೆ ಎದೆ ಧಸಕ್ ಎನ್ನುತ್ತದೆ, ಹೊಸದಕ್ಕೆ ಬಹಳ ಸಲ ಐನೂರು ಡಾಲರು ದಾಟುತ್ತದೆ. ನಾನು ಸೆಕೆಂಡ್ ಹ್ಯಾಂಡ್ ತೆಗೆದುಕೊಂಡೆ. ಒಂದೆರಡು ಸೀಸನ್ ಬಳಸಿ ಮಾರುವವರು ಬಹಳ ಜನ. ಇನ್ನೂ ಕಡಿಮೆಗೆ ಬೇಕೆಂದರೆ ಅಮೆರಿಕದ ಸೈನ್ಯದ ಹಳೆಯ ಆಲಿಸ್ ಫ್ರೇಮು ಸಿಗುತ್ತದೆ. ಹಿತವೇನಲ್ಲ, ಆದರೆ ಮಾಂಸ ಹೊರುತ್ತದೆ.

ಬ್ರಾಂಡಿಗಿಂತ ಅಳತೆ ಮುಖ್ಯ. ನನ್ನ ಎತ್ತರ 5 ಅಡಿ 6 ಅಂಗುಲ. ಅಂಗಡಿಯಲ್ಲಿ ತೂಗಿಹಾಕಿದ ಚೀಲ ಬಹುಪಾಲು ಆರಡಿ ಆಳಿಗೆ ಹೊಂದಿಸಿಟ್ಟದ್ದು. ಎತ್ತರಕ್ಕಿಂತ ಬೆನ್ನಿನ ಉದ್ದ ನೋಡಿಸಿ. ಕತ್ತು ಬಗ್ಗಿಸಿದಾಗ ಎದ್ದು ಕಾಣುವ ಮೂಳೆಯಿಂದ ಸೊಂಟದ ಮೂಳೆಯ ಮೇಲಂಚಿನ ತನಕ ಟೇಪು ಹಿಡಿಯಬೇಕು. ಸೊಂಟದ ಪಟ್ಟಿ ಹೊಟ್ಟೆಯ ಮೇಲಲ್ಲ, ಆ ಮೂಳೆಯ ಮೇಲೆಯೇ ಕೂರಬೇಕು. ಹೊಟ್ಟೆ ಸ್ವಲ್ಪ ಮುಂದಿರುವವರಿಗೆ (ನನಗೂ ಸೇರಿ) ಪಟ್ಟಿ ಕೆಳಗೆ ಜಾರುವುದು ಜಾಸ್ತಿ. ಅಂಥವರು ಗಟ್ಟಿ, ಅಗಲ ಪಟ್ಟಿ ನೋಡಿ. ಭುಜದ ಮೇಲಿನಿಂದ ಫ್ರೇಮಿಗೆ ಹೋಗುವ ಸಣ್ಣ ಪಟ್ಟಿಗಳು ಮೇಲ್ಮುಖವಾಗಿ ಓರೆಯಾಗಿರಬೇಕು. ಅಡ್ಡವಾಗಿದ್ದರೆ ಫ್ರೇಮು ನಿಮಗೆ ಗಿಡ್ಡ ಎಂದರ್ಥ.

ಪರೀಕ್ಷೆಗೆ ನನ್ನ ಉಪಾಯ ಸೋನಾ ಮಸೂರಿ ಅಕ್ಕಿ. ಇಂಡಿಯನ್ ಅಂಗಡಿಯ 20 ಪೌಂಡಿನ ಚೀಲ ಮೂರು ಕಟ್ಟಿದರೆ 27 ಕಿಲೋ, ಹೆಚ್ಚುಕಡಿಮೆ ಒಂದು ಜಿಂಕೆಯ ಮಾಂಸ. ಅಕ್ಕಿ ಮಾಂಸದ ಹಾಗೆಯೇ ಜಾರುತ್ತದೆ, ಕೆಳಗೆ ಜಗ್ಗುತ್ತದೆ. ಜಿಮ್ಮಿನ ಕಬ್ಬಿಣದ ತೂಕ ಹಾಗೆ ಮಾಡುವುದಿಲ್ಲ. ಬೇಸಿಗೆಯಲ್ಲಿ ಅದನ್ನು ಹೊತ್ತು ಲೇಕ್‌ವುಡ್‌ನ ಗ್ರೀನ್ ಮೌಂಟನ್ ಹತ್ತಿ ಇಳಿಯುತ್ತೇನೆ. ನಾಯಿ ಕರೆದುಕೊಂಡು ಬಂದವರು ಅಕ್ಕಿ ಚೀಲ ನೋಡಿ ನಗುತ್ತಾರೆ, ನಗಲಿ. ಅರ್ಧ ಗಂಟೆಯೊಳಗೆ ಎಲ್ಲಿ ಉಜ್ಜುತ್ತದೆ, ಯಾವ ಪಟ್ಟಿ ಸಡಿಲವಾಗುತ್ತದೆ ಎಲ್ಲ ಗೊತ್ತಾಗುತ್ತದೆ. ಅಂಗಡಿಗೆ ವಾಪಸ್ ಕೊಡುವ ಅವಧಿ ಮುಗಿಯುವ ಮೊದಲು ಇದನ್ನು ಮಾಡಿ.

ಕೈಗಾಡಿ ತಳ್ಳಿಕೊಂಡು ಹೋದರೆ ಆಗಲ್ವಾ ಅಂತ ಒಬ್ಬ ಗೆಳೆಯ ಕೇಳಿದ್ದ. ಸಾಮಾನ್ಯ ನ್ಯಾಷನಲ್ ಫಾರೆಸ್ಟಿನ ಒಳ್ಳೆಯ ದಾರಿಯಲ್ಲಿ ಆಗುತ್ತದೆ. ಆದರೆ ವಿಲ್ಡರ್ನೆಸ್ ಎಂದು ಗುರುತಿಸಿದ ಕಾಡಿಗೆ 1964ರ ಕಾನೂನಿನ ಪ್ರಕಾರ ಸೈಕಲ್ಲು, ಕೈಗಾಡಿ ಏನೂ ಹೋಗುವಂತಿಲ್ಲ. ಕುದುರೆ ಹೋಗಬಹುದು. ಕುದುರೆ ಇಲ್ಲದವರಿಗೆ ಬೆನ್ನೇ ಗತಿ.

ಚಾಕುವಿನ ವಿಷಯಕ್ಕೆ ಬಂದರೆ, ಊರಿನಲ್ಲಿ ಮರದ ದಿಮ್ಮಿಯ ಮೇಲೆ ಮಚ್ಚಿನಿಂದ ಕೊಚ್ಚುವುದನ್ನು ನೋಡಿ ಬೆಳೆದವರಿಗೆ ಮೊದಲು ಒಂದು ಮಾತು. ಇಲ್ಲಿ ಮೂಳೆ ಕಡಿಯುವ ಕೆಲಸವೇ ಇಲ್ಲ. ಕೊಡಲಿ ಬೇಡ, ಗರಗಸ ಬೇಡ. ಹೊಟ್ಟೆ ಸೀಳದೆ ಮಾಂಸ ತೆಗೆಯುವ ಕ್ರಮ ಒಂದಿದೆ, ನಾನು ಯಾವಾಗಲೂ ಅದನ್ನೇ ಮಾಡುವುದು. ಜಿಂಕೆಯನ್ನು ಒಂದು ಮಗ್ಗುಲಿಗೆ ಮಲಗಿಸಿ, ಕತ್ತಿನಿಂದ ಬಾಲದ ತನಕ ಬೆನ್ನಿನ ಮೇಲೆ ಚರ್ಮ ಸೀಳಿ, ಹೊಟ್ಟೆಯ ಕಡೆಗೆ ಸುಲಿಯುತ್ತಾ ಬರಬೇಕು. ಮುಂಗಾಲಿಗೆ ದೇಹದ ಜೊತೆ ಮೂಳೆಯ ಕೀಲೇ ಇಲ್ಲ, ಬರೀ ಸ್ನಾಯು. ಕಾಲನ್ನು ಎತ್ತಿ ಹಿಡಿದು ಚಾಕು ಆಡಿಸಿದರೆ ಕಳಚಿ ಬರುತ್ತದೆ. ಹಿಂಗಾಲಿಗೆ ಗುಂಡಿನಂಥ ಕೀಲು, ಅದರ ಸುತ್ತ ಬಿಡಿಸಿ ತಿರುಚಬೇಕು. ಬೆನ್ನಿನ ಪಟ್ಟಿ, ಕತ್ತಿನ ಮಾಂಸ ತೆಗೆದು ಮಗ್ಗುಲು ಬದಲಿಸಿ ಇದನ್ನೇ ಮತ್ತೆ ಮಾಡಬೇಕು. ಒಳಗಿನ ಮೆತ್ತನೆ ಪಟ್ಟಿಯನ್ನು ಕೊನೆಯ ಪಕ್ಕೆಲುಬಿನ ಹಿಂದಿನಿಂದ ಕೈ ಹಾಕಿ ತೆಗೆಯಬಹುದು.

ಈ ಕೆಲಸಕ್ಕೆ ಮೂರೂವರೆ ಅಂಗುಲದ ಅಲಗು ಸಾಕು. ಅಂಗಡಿಯ ಗಾಜಿನೊಳಗಿನ ಎಂಟು ಅಂಗುಲದ ಬೋವಿ ಚಾಕು ಫೋಟೋಗೆ ಮಾತ್ರ ಚಂದ. ಕತ್ತಲಲ್ಲಿ, ಕೈ ಮರಗಟ್ಟಿರುವಾಗ, ಅಲಗಿನ ತುದಿ ಎಲ್ಲಿದೆ ಎಂದು ತೋರುಬೆರಳಿಗೆ ಗೊತ್ತಾಗಬೇಕು. ಉದ್ದ ಅಲಗಿನಲ್ಲಿ ಅದು ಗೊತ್ತಾಗುವುದಿಲ್ಲ.

ಅಲಗು ಬದಲಿಸುವ ಚಾಕುಗಳು ಈಗ ಬಹಳ ಬಳಕೆಯಲ್ಲಿವೆ, ಹ್ಯಾವಲಾನ್ ಪಿರಾಂಟಾದಂಥವು. ಆಪರೇಷನ್ ಮಾಡುವ ಬ್ಲೇಡಿನಷ್ಟು ತೆಳು ಅಲಗು, ಹಗುರ, ಸುಲಿಯುವುದಕ್ಕೆ ಅದನ್ನು ಮೀರಿಸುವುದು ಇಲ್ಲ. ಮೊಂಡಾದರೆ ಕಿತ್ತು ಇನ್ನೊಂದು ಹಾಕಿದರಾಯಿತು. ಆದರೆ ಕೀಲಿನೊಳಗೆ ಇಟ್ಟು ಮೀಟಿದಿರೋ, ಪಟ್ ಎಂದು ಮುರಿಯುತ್ತದೆ. ಚೂರು ಮಾಂಸದಲ್ಲಿ ಉಳಿದರೆ ಏನಾಗಬಹುದು ಯೋಚಿಸಿ. ನನ್ನ ಜೊತೆ ಬರುವವನೊಬ್ಬ ಅಲಗು ಬದಲಿಸುವಾಗಲೇ ಬೆರಳು ಕೊಯ್ದುಕೊಂಡಿದ್ದಾನೆ. ಬರಿಗೈಯಲ್ಲಿ ಅಲಗು ಕೀಳಬೇಡಿ, ಸಣ್ಣ ಇಕ್ಕಳ ಇಟ್ಟುಕೊಳ್ಳಿ.

ಹಾಗಾಗಿ ನಾನು ಎರಡು ಚಾಕು ಒಯ್ಯುತ್ತೇನೆ. ಚರ್ಮಕ್ಕೆ ಅಲಗು ಬದಲಿಸುವಂಥದ್ದು, ಕೀಲಿಗೆ ಗಟ್ಟಿ ಅಲಗಿನ ಸ್ವೀಡನ್ನಿನ ಮೋರಾ. ಮೋರಾ ಅಗ್ಗ, ಹಿಡಿ ಒದ್ದೆ ಕೈಯಲ್ಲೂ ಜಾರುವುದಿಲ್ಲ. ದುಬಾರಿ ಉಕ್ಕಿನ ಚಾಕು ಬೇಡವೇ ಎಂದರೆ, ಎಸ್30ವಿಯಂಥ ಉಕ್ಕು ಒಂದಿಡೀ ಜಿಂಕೆಗೆ ಹರಿತ ಉಳಿಸಿಕೊಳ್ಳುತ್ತದೆ ನಿಜ. ಆದರೆ ಮೊಂಡಾದ ಮೇಲೆ ಬೆಟ್ಟದಲ್ಲಿ ಮಸೆಯುವುದು ಕಷ್ಟ. ಮೆದು ಉಕ್ಕು ಸಣ್ಣ ಸೆರಾಮಿಕ್ ಕಡ್ಡಿಯಲ್ಲಿ ನಾಲ್ಕು ಸಲ ಎಳೆದರೆ ಮತ್ತೆ ಹರಿತ. ಇದು ನನ್ನ ಇಷ್ಟ ಅಷ್ಟೇ, ಬೇರೆಯವರು ಜಗಳಕ್ಕೆ ಬರುತ್ತಾರೆ. ಹಿಡಿ ಮಾತ್ರ ಕಿತ್ತಳೆ ಬಣ್ಣದ್ದೇ ಇರಲಿ. ಕಂದು ಮರದ ಹಿಡಿಯ ಚಾಕು ತರಗೆಲೆಯಲ್ಲಿ ಬಿದ್ದರೆ ಮುಗಿಯಿತು.

ಚಾಕು ಬೇಗ ಮೊಂಡಾಗುವುದು ಮಾಂಸದಿಂದ ಅಲ್ಲ, ಕೂದಲಿನಿಂದ. ಜಿಂಕೆಯ ಕೂದಲಿನಲ್ಲಿ ಮಣ್ಣು, ಮರಳು ತುಂಬಿರುತ್ತದೆ. ಮೊದಲ ಸೀಳು ಹಾಕಿದ ಮೇಲೆ ಅಲಗನ್ನು ಚರ್ಮದ ಅಡಿಗೆ ತೂರಿಸಿ, ಹರಿತ ಮೇಲ್ಮುಖವಾಗಿಟ್ಟು ಒಳಗಿನಿಂದ ಹೊರಕ್ಕೆ ಕೊಯ್ಯಿರಿ. ಹರಿತವೂ ಉಳಿಯುತ್ತದೆ, ಕೂದಲು ಮಾಂಸಕ್ಕೆ ಅಂಟುವುದೂ ಕಡಿಮೆ. ಇನ್ನೊಂದು, ಗಂಡೋ ಹೆಣ್ಣೋ ಎಂಬ ಗುರುತು (ವೃಷಣ, ಕೆಚ್ಚಲಿನಂಥದ್ದು) ಮಾಂಸದ ದೊಡ್ಡ ಭಾಗವೊಂದಕ್ಕೆ ತಾನಾಗಿ ಅಂಟಿಕೊಂಡೇ ಇರಬೇಕು ಎಂಬ ನಿಯಮ ಇದೆ. ಒಂದು ಹಿಂಗಾಲಿನ ಮೇಲೆ ಅದನ್ನು ಬಿಟ್ಟು ಸುಲಿಯಿರಿ. ಪೂರ್ತಿ ಕೊಯ್ದು ಬೇರೆ ಚೀಲದಲ್ಲಿ ಹಾಕಿಕೊಂಡರೆ ನಡೆಯುವುದಿಲ್ಲ.

ಮಾಂಸದ ಚೀಲಗಳಿಗೆ ಜನ ದುಡ್ಡು ಹಾಕುವುದೇ ಇಲ್ಲ. ಅಗ್ಗದ ಹತ್ತಿ ಜಾಲರಿ ಚೀಲ ಮುಳ್ಳಿಗೆ ಸಿಕ್ಕಿ ಹರಿಯುತ್ತದೆ, ರಕ್ತ ಹೀರಿಕೊಂಡು ಒದ್ದೆಯಾಗಿಯೇ ಇರುತ್ತದೆ, ನೊಣ ಅದರ ಮೂಲಕವೇ ಮೊಟ್ಟೆ ಇಡುತ್ತದೆ. ಗಾಳಿ ಆಡುವ ತೆಳು ಸಿಂಥೆಟಿಕ್ ಚೀಲ ಐದು ಇಟ್ಟುಕೊಳ್ಳಿ, ತೊಳೆದು ವರ್ಷಗಟ್ಟಲೆ ಬಳಸಬಹುದು. ಪ್ಲಾಸ್ಟಿಕ್ ಕವರು ಮಾತ್ರ ಬೇಡವೇ ಬೇಡ. ಬಿಸಿ ಮಾಂಸ ಅದರೊಳಗೆ ಬೆವರಿ ಕೆಡುತ್ತದೆ. ನೆರಳಿನ, ಉತ್ತರ ದಿಕ್ಕಿನ ಇಳಿಜಾರಿನಲ್ಲಿ ಕೊಂಬೆಗೆ ತೂಗುಹಾಕಿದರೆ ಅಕ್ಟೋಬರ್ ಕೊನೆಯ ಚಳಿಯೇ ಫ್ರಿಜ್ಜು. ಕರಡಿ ಬರಬಹುದು, ಹಾಗಾಗಿ ಟೆಂಟಿನಿಂದ ದೂರ, ಆದರೆ ದೂರದಿಂದ ಕಾಣುವ ಜಾಗ.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಸೂರ್ಯ ಮುಳುಗಿ ಅರ್ಧ ಗಂಟೆಯ ತನಕ ಗುಂಡು ಹೊಡೆಯಲು ಅವಕಾಶ ಇರುವುದರಿಂದ ಕೊಯ್ಯುವ ಕೆಲಸ ಬಹಳ ಸಲ ಕತ್ತಲಲ್ಲೇ. ಹೆಡ್‌ಲ್ಯಾಂಪ್ ಎರಡು ಬೇಕು, ಚಳಿಗೆ ಲಿಥಿಯಂ ಸೆಲ್. ಊರುಗೋಲು ಎರಡು, ಇಳಿಯುವಾಗ ಮಂಡಿ ಉಳಿಸುವುದು ಅವೇ. ದುರ್ಬೀನು 10x42 (ಹತ್ತು ಪಟ್ಟು ದೊಡ್ಡದಾಗಿ ತೋರಿಸುವ, 42 ಮಿಲಿಮೀಟರ್ ಗಾಜಿನದು), ಅದನ್ನು ಸಣ್ಣ ಟ್ರೈಪಾಡಿನ ಮೇಲೆ ಕೂರಿಸಿದರೆ ನಡೆಯುವ ಶ್ರಮ ಅರ್ಧ ಉಳಿಯುತ್ತದೆ. ನೀರು ಸೋಸುವ ಸಣ್ಣ ಫಿಲ್ಟರು ಒಮ್ಮೆ ಹೆಪ್ಪುಗಟ್ಟಿದರೆ ಒಳಗಿನ ನಾಳಗಳು ಒಡೆದು ಕೆಲಸಕ್ಕೆ ಬಾರದು, ನೋಡಿದರೆ ಗೊತ್ತೂ ಆಗುವುದಿಲ್ಲ. ರಾತ್ರಿ ಮಲಗುವ ಚೀಲದೊಳಗೆ ಇಟ್ಟುಕೊಳ್ಳಿ. ಆನ್‌ಎಕ್ಸ್ ಆ್ಯಪಿನ ಮ್ಯಾಪನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ, ಖಾಸಗಿ ಜಮೀನಿನ ಗಡಿ ಅದರಲ್ಲಿ ಕಾಣುತ್ತದೆ. ಸಿಗ್ನಲ್ ಇಲ್ಲದ ಕಡೆ ಹೆಂಡತಿಗೆ ಮೆಸೇಜು ಕಳಿಸಲು ಗಾರ್ಮಿನ್ ಇನ್‌ರೀಚ್. ತಿನ್ನಲು ಗೊಜ್ಜವಲಕ್ಕಿ, ಚಟ್ನಿಪುಡಿ. ಬಿಸಿನೀರು ಹಾಕಿದರೆ ಊಟ ರೆಡಿ, ಅಂಗಡಿಯ ಒಣಗಿಸಿದ ಊಟಕ್ಕಿಂತ ಎಷ್ಟೋ ವಾಸಿ.

ಬಟ್ಟೆಯ ಮರೆಮಾಚುವ ಬಣ್ಣಕ್ಕೆ ಸುಮ್ನೆ ದುಡ್ಡು ಸುರಿಯಬೇಡಿ. ರೈಫಲ್ ಸೀಸನ್ನಿನಲ್ಲಿ ಸೊಂಟದ ಮೇಲೆ 500 ಚದರ ಅಂಗುಲ ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಣ್ಣ ಇರಲೇಬೇಕು, ಟೋಪಿಯೂ ಸೇರಿ. ದೊಡ್ಡ ಚೀಲ ಹೊತ್ತಾಗ ಬೆನ್ನಿನ ಕಡೆ ಆ ಬಣ್ಣ ಮುಚ್ಚಿಹೋಗುತ್ತದೆ. ಬೆನ್ನ ಮೇಲೆ ಜಿಂಕೆ ಕೊಂಬು ಕಟ್ಟಿಕೊಂಡು ನಡೆಯುವವನಿಗೆ ಅದು ಎಷ್ಟು ಅಪಾಯ ಎಂದು ಬಿಡಿಸಿ ಹೇಳಬೇಕಿಲ್ಲ ಅಲ್ವಾ? ಚೀಲಕ್ಕೂ, ಕೊಂಬಿಗೂ ಕಿತ್ತಳೆ ಬಟ್ಟೆ ಸುತ್ತಿ.

ಕೋವಿ ನನ್ನದು ಫಿನ್‌ಲ್ಯಾಂಡಿನ ಟಿಕ್ಕಾ, 6.5 ಕ್ರೀಡ್‌ಮೋರ್ ಎಂಬ ತೋಟಾದ್ದು. ಹಗುರ, ಸಾಕು. ಗುಂಡು ಮಾತ್ರ ತಾಮ್ರದ್ದು. ಸೀಸದ ಗುಂಡು ಒಳಗೆ ಪುಡಿಯಾಗಿ ಮಾಂಸದಲ್ಲಿ ಚದುರುತ್ತದೆ, ಮನೆಯಲ್ಲಿ ಮಕ್ಕಳು ತಿನ್ನುವ ಊಟ ಇದು.

ಕೊನೆಗೆ ಸಾಮಾನು ತೊಳೆಯುವ ಕೆಲಸ. ಜಿಂಕೆಗಳಿಗೆ ಬರುವ ಸಿಡಬ್ಲ್ಯುಡಿ (ಕ್ರಾನಿಕ್ ವೇಸ್ಟಿಂಗ್ ಡಿಸೀಸ್) ಎಂಬ ಮೆದುಳಿನ ರೋಗ ಮೊದಲು ಕಾಣಿಸಿಕೊಂಡದ್ದು ಇದೇ ಕೊಲೊರಾಡೊದ ಫೋರ್ಟ್ ಕಾಲಿನ್ಸ್‌ನಲ್ಲಿ, 1967ರಲ್ಲಿ. ಮನುಷ್ಯರಿಗೆ ಅಂಟಿದ ಉದಾಹರಣೆ ಇಲ್ಲ, ಆದರೂ ರೋಗ ಇರುವ ಮಾಂಸ ತಿನ್ನಬೇಡಿ ಎನ್ನುತ್ತಾರೆ. ಅದಕ್ಕೇ ಮಾಂಸ ತೆಗೆಯುವಾಗ ನಾನು ಬೆನ್ನುಹುರಿಗೆ ಚಾಕು ತಾಗಿಸುವುದಿಲ್ಲ, ತಲೆಯನ್ನು ವನ್ಯಜೀವಿ ಇಲಾಖೆಗೆ ಪರೀಕ್ಷೆಗೆ ಕೊಡುತ್ತೇನೆ. ಕೆಲವು ಪ್ರದೇಶಗಳಲ್ಲಿ ಅದು ಕಡ್ಡಾಯ. ಈ ರೋಗದ ಬೀಜ ಕುದಿಸಿದರೂ ಸಾಯುವುದಿಲ್ಲ. ಚಾಕುವಿಗೆ ಅಂಟಿದ ಮಾಂಸವನ್ನೆಲ್ಲ ಉಜ್ಜಿ ತೆಗೆದು, ನೂರಕ್ಕೆ 40 ಪಾಲು ಮನೆಬಳಕೆಯ ಬ್ಲೀಚು, 60 ಪಾಲು ನೀರು ಬೆರೆಸಿ ಅದರಲ್ಲಿ ಐದು ನಿಮಿಷ ಮುಳುಗಿಸಿಟ್ಟು, ಚೆನ್ನಾಗಿ ತೊಳೆದು ಒರೆಸುತ್ತೇನೆ. ಸ್ಟೇನ್‌ಲೆಸ್ ಅಲಗಿಗೆ ಇದು ಸರಿ. ಸಾದಾ ಕಾರ್ಬನ್ ಉಕ್ಕಿನ ಅಲಗು ಬ್ಲೀಚಿಗೆ ತುಕ್ಕು ಹಿಡಿಯುತ್ತದೆ, ಮೋರಾ ಕೊಳ್ಳುವಾಗ ಇದನ್ನು ನೋಡಿಕೊಳ್ಳಿ, ಎರಡೂ ಬಗೆ ಸಿಗುತ್ತವೆ.

ಪರೀಕ್ಷೆಯ ಫಲಿತಾಂಶ ಬರುವ ತನಕ ಮಾಂಸ ಫ್ರೀಜರಿನಲ್ಲಿ ಇರಲಿ, ಪ್ಯಾಕೆಟಿನ ಮೇಲೆ ಯಾವ ಜಿಂಕೆಯದು ಎಂದು ಬರೆದಿಡಿ. ಇಬ್ಬರ ಬೇಟೆ ಒಂದೇ ಫ್ರೀಜರಿನಲ್ಲಿ ಕಲೆತುಹೋದರೆ, ಒಂದಕ್ಕೆ ರೋಗ ಬಂದರೂ ಎರಡನ್ನೂ ಎಸೆಯಬೇಕಾಗುತ್ತದೆ. ಪ್ಯಾಕ್ ಮಾಡುವ ಮೊದಲೇ ಜಿಂಕೆಯ ಬಿಳಿ ಕೊಬ್ಬನ್ನು ಪೂರ್ತಿ ತೆಗೆದುಬಿಡಿ. ಅದು ಬಾಯಿಗೆ ಮೇಣದ ಹಾಗೆ ಅಂಟುತ್ತದೆ, ಎಷ್ಟು ಕಾಚಂಪುಳಿ (ಕೊಡಗಿನ ಕಪ್ಪು ಹುಳಿ) ಸುರಿದರೂ ಆ ವಾಸನೆ ಹೋಗುವುದಿಲ್ಲ.