ಸೂರ್ಯ ಮುಳುಗದ ಗ್ರಹಕ್ಕೊಂದು ಅಮಲು

ಬಾಹ್ಯಾಕಾಶದ ಕತೆಗಳಲ್ಲಿ ಬರುವ ಅಮಲುಗಳ ಮೇಲೆ ನನ್ನದೊಂದು ತಕರಾರಿದೆ. ಸೇವಿಸಿದವನಿಗೆ ಭವಿಷ್ಯ ಕಾಣುತ್ತದೆ, ಇಲ್ಲವೇ ಪರರ ಮನಸ್ಸು ಓದಲು ಬರುತ್ತದೆ. ಅಷ್ಟು ಲಾಭವಿದ್ದರೆ ಅದನ್ನು ಚಟ ಎನ್ನುವುದಾದರೂ ಏಕೆ? ನನ್ನ ಕತೆಗೆ ಬೇಕಿದ್ದದ್ದು ಕೂಲಿಯವರು ದಣಿದು ನುಂಗುವ, ಯಾವ ವರವನ್ನೂ ಕೊಡದ ವಸ್ತು.

ಮೊದಲು ಗ್ರಹ ಆರಿಸಿಕೊಂಡೆ. ಟ್ರಾಪಿಸ್ಟ್-1 ನಕ್ಷತ್ರ ಸುಮಾರು 40 ಜ್ಯೋತಿರ್ವರ್ಷ ದೂರದಲ್ಲಿದೆ. ಅದರ ಸುತ್ತ ಏಳು ಗ್ರಹಗಳಿರುವ ಸುದ್ದಿ 2017ರಲ್ಲಿ ಹೊರಬಿತ್ತು. ನಕ್ಷತ್ರಕ್ಕೆ ತೀರಾ ಹತ್ತಿರವಿರುವುದರಿಂದ ಅವು ಅದಕ್ಕೆ ಸದಾ ಒಂದೇ ಮುಖ ತೋರಿಸುತ್ತ ಸುತ್ತುತ್ತಿರುವ ಸಾಧ್ಯತೆಯೇ ಹೆಚ್ಚು. ಹಾಗಿದ್ದರೆ ಆ ಮುಖದಲ್ಲಿ ಸೂರ್ಯ ಮುಳುಗುವುದೇ ಇಲ್ಲ. ನಾನು ಹಿಡಿದ 'ಇ' ಗ್ರಹದ ಒಂದು ವರ್ಷ ನಮ್ಮ ಸುಮಾರು 6 ದಿನ. (ಕತೆಯಲ್ಲಿ ಅಲ್ಲಿ ಗಣಿ ನಡೆಸುವ ಕಂಪನಿಯ '60 ವರ್ಷದ ಕರಾರು' ನಮ್ಮ ಲೆಕ್ಕದಲ್ಲಿ ಒಂದೇ ವರ್ಷ!) ಕಲಬುರಗಿಯ ಮೇ ತಿಂಗಳ ಬಿಸಿಲನ್ನು ಅಲ್ಲಿಗೂ ಒಯ್ಯುವ ಆಸೆಯಿತ್ತು. ಆದರೆ ಆ ಕೆಂಪು ಕುಬ್ಜ ನಕ್ಷತ್ರದ ಬೆಳಕಿನ ಬಹುಪಾಲು ಕಣ್ಣಿಗೆ ಕಾಣದ ಅವಕೆಂಪು. ನಡುಹಗಲೂ ಮುಸ್ಸಂಜೆಯೇ. ಮುಗಿಯದ ಆ ಸಂಜೆಯಲ್ಲಿ ಗಣಿಯವರಿಗೆ ನಿದ್ದೆ ಹತ್ತುವುದಿಲ್ಲ, ಕಂಪನಿ ಗುಳಿಗೆ ಕೊಡುತ್ತದೆ. ಜನ ಅದನ್ನು 'ರಾತ್ರಿ' ಅನ್ನುತ್ತಾರೆ. ಅಂಗಡಿಗೆ ಹೋಗಿ "ಎರಡು ರಾತ್ರಿ ಕೊಡ್ರಿ" ಎಂದರೆ ಆಯಿತು, ರೊಕ್ಕ ಪಗಾರದಲ್ಲಿ ಮುರಿದುಕೊಳ್ಳುತ್ತಾರೆ.

ಗುಳಿಗೆಯ ಗುಣ ತಂದದ್ದು ಮಾತ್ರ ಸೇಡಂ ಕಡೆಯಿಂದ. ತೆಲಂಗಾಣದ ಗಡಿಗೆ ಅಂಟಿಕೊಂಡ ನಮ್ಮ ಊರುಗಳಲ್ಲಿ ಸೇಂದಿಗೆ ಪೌಡರ್ ಬೆರೆಸುವ ಮಾತು ಹೊಸದಲ್ಲ. ಹಾಗೆ ಬೆರೆಸುವವುಗಳಲ್ಲಿ ಒಂದು ಕ್ಲೋರಲ್ ಹೈಡ್ರೇಟ್. 1832ರಲ್ಲೇ ತಯಾರಾಗಿ, 1869ರಿಂದ ನಿದ್ದೆಯ ಔಷಧಿಯಾಗಿ ಬಳಕೆಗೆ ಬಂದದ್ದು. ಪರಿಚಯದ ಹಿರಿಯರೊಬ್ಬರನ್ನು "ಕುಡದಾಗ ಹ್ಯಾಂಗ ಆಗ್ತದ್ರಿ?" ಎಂದು ಕೇಳಿದೆ. "ಅದೇನ್ ಕೇಳ್ತಿ ತಮ್ಮಾ, ಸಿಗಲಾರದ ದಿನದ್ದು ಕೇಳು" ಅಂದರು. ಕೈ ನಡುಕ, ಬೆವರು, ಎದುರಿಗೆ ಇಲ್ಲದವರ ದನಿ, ಕೊನೆಗೆ ಫಿಟ್ಸ್. ದಿನವೂ ಹೊರಗಿನಿಂದ ಬ್ರೇಕ್ ಬೀಳುತ್ತಿದ್ದರೆ ಮೆದುಳು ತನ್ನ ಸ್ವಂತ ಬ್ರೇಕನ್ನು ಸಡಿಲ ಬಿಡುತ್ತದೆ. ಹೊರಗಿನದು ಒಮ್ಮೆಲೇ ನಿಂತ ದಿನ ತಡೆಯುವುದು ಯಾವುದೂ ಉಳಿದಿರುವುದಿಲ್ಲ.

ಅಮಲೇರಿದ ದೃಶ್ಯಗಳನ್ನೆಲ್ಲ ತೆಗೆದುಹಾಕಿ, ಸರಕಿನ ನೌಕೆ ಬಾರದೆ ಹೋದಲ್ಲಿಂದ ಕತೆ ಶುರು ಮಾಡಿದೆ. ಮುಷ್ಕರ ಮುರಿಯಲು ಕಂಪನಿಗೆ ಪೊಲೀಸರು ಬೇಕಿಲ್ಲ, ನೌಕೆ ತಡೆದರೆ ಸಾಕು ಎಂಬುದು ಆಗಲೇ ಹೊಳೆದದ್ದು. ಗಣಿಯ ಡಾಕ್ಟರಮ್ಮ ಉಳಿದ ಗುಳಿಗೆ ಎಣಿಸುತ್ತಾಳೆ. ಥಟ್ಟನೆ ಬಿಡಿಸಿದರೆ ಜೀವಕ್ಕೇ ಅಪಾಯ, ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು. ಎಲ್ಲರಿಗೂ ಹಾಗೆ ಇಳಿಸುವಷ್ಟು ದಾಸ್ತಾನಿಲ್ಲ. ಅರ್ಧ ಯಾರಿಗೆ, ಕಾಲು ಯಾರಿಗೆ ಎಂಬ ಜಗಳವೇ ಕತೆಯ ಬಹುಭಾಗ.

ಓದಿದ ಗೆಳೆಯ "ಯುದ್ಧನೌಕೆ ಎಲ್ಲವೋ?" ಅಂದ. ಅದಾವಲ್ಲ, ಎರಡು ಸಾಲಿನಾಗ ಬಂದು ಹೋಗ್ತಾವ ಅಂದೆ.